ಸಂಕಲ್ಪಕ್ಕೆ ಮೊದಲ ಸ್ಥಾನ ಕೊಡುವ ಯೋಗ ತರಗತಿ

ಮಂಗಳೂರಿನ ಕದ್ರಿ ಪರಿಸರದಲ್ಲಿ ಬೆಳಗ್ಗೆ 6 ಗಂಟೆಗೆ ನಡೆಯುವ ಈ ಯೋಗ ತರಗತಿಗೆ ಮೂರು ತಿಂಗಳು ತಪ್ಪದೆ ಹೋದ ಅನುಭವದಿಂದ ಬರೆಯುತ್ತಿದ್ದೇನೆ. ಆಸನಗಳನ್ನು ಅಚ್ಚುಕಟ್ಟಾಗಿ ಕಲಿಸುತ್ತಾರೆ. ಆದರೆ ನನ್ನನ್ನು ಹಿಡಿದಿಟ್ಟದ್ದು ಕೊನೆಯ ಅರ್ಧ ಗಂಟೆಯ ಯೋಗನಿದ್ರೆ. ಸ್ವಾಮಿ ಸತ್ಯಾನಂದ ಸರಸ್ವತಿಯವರು ರೂಪಿಸಿದ ಕ್ರಮದಂತೆ ಶವಾಸನದಲ್ಲಿ ಮಲಗಿ, ಒಂದು ಚಿಕ್ಕ ಸಂಕಲ್ಪವನ್ನು ಮನಸ್ಸಿನಲ್ಲೇ 3 ಸಲ ಹೇಳಿಕೊಂಡು, ಬಲಗೈ ಹೆಬ್ಬೆರಳಿನಿಂದ ಆರಂಭಿಸಿ ದೇಹದ ಒಂದೊಂದೇ ಅಂಗದ ಮೇಲೆ ಗಮನ ಹರಿಸುತ್ತ ಸಾಗಿ, ಕೊನೆಯಲ್ಲಿ ಅದೇ ಸಂಕಲ್ಪವನ್ನು ಮತ್ತೆ ನೆನೆಯಬೇಕು. ‘ಇನ್ನು ಸಿಟ್ಟಾಗುವುದಿಲ್ಲ’ ಎಂದು ನಾನು ಆರಿಸಿಕೊಂಡಿದ್ದೆ. ‘ಬೇಡವಾದದ್ದನ್ನಲ್ಲ, ಬೇಕಾದದ್ದನ್ನು ಹೇಳಿಕೊಳ್ಳಿ’ ಎಂದು ಶಿಕ್ಷಕಿ ತಿದ್ದಿದ ಬಳಿಕ ಅದು ‘ನಾನು ಸಮಾಧಾನದಿಂದ ಕೇಳಿಸಿಕೊಳ್ಳುತ್ತೇನೆ’ ಎಂದಾಯಿತು, ಮತ್ತು ಮನೆಯಲ್ಲಿ ಅಮ್ಮನ ಮಾತಿಗೆ ನಡುವೆ ಬಾಯಿ ಹಾಕುವ ನನ್ನ ಅಭ್ಯಾಸ ನಿಜವಾಗಿಯೂ ಕಡಿಮೆಯಾಗಿದೆ. ಭಾನುವಾರ ಮೈಗೆ ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ ಮಾಡಬೇಕೆಂಬ ಶಿಕ್ಷಕಿಯ ಸಲಹೆ ನಮ್ಮ ಕರಾವಳಿಯ ಮನೆಗಳಿಗೆ ಹೊಸದಲ್ಲ, ಆದರೂ ನಾನು ಅದನ್ನು ಬಿಟ್ಟು ವರ್ಷಗಳಾಗಿದ್ದವು. ಮಳೆಗಾಲದಲ್ಲಿ ಅಲ್ಲಿನ ನೆಲ ತೀರಾ ತಣ್ಣಗಿರುವುದೊಂದು ಕೊರತೆ. ಸೇರುವವರು ದಪ್ಪನೆಯ ಚಾಪೆಯನ್ನೂ ಹೊದಿಕೆಯನ್ನೂ ಒಯ್ಯುವುದು ಒಳ್ಳೆಯದು.