ಲಕ್ಷದ್ವೀಪ: ಹಡಗಿನ ಪ್ಯಾಕೇಜೋ, ದ್ವೀಪದಲ್ಲೇ ಉಳಿಯೋದೋ?

ಲಕ್ಷದ್ವೀಪಕ್ಕೆ ಎರಡು ಥರ ಹೋಗಬಹುದು. ಕೊಚ್ಚಿಯಲ್ಲಿ ಹಡಗು ಹತ್ತಿ, ರಾತ್ರಿ ಹಡಗಲ್ಲೇ ಮಲಗಿ, ಹಗಲು ಒಂದೊಂದು ದ್ವೀಪಕ್ಕೆ ಇಳಿದು ನೋಡಿ ಬರುವುದು ಒಂದು. ಯಾವುದಾದರೂ ಒಂದು ದ್ವೀಪಕ್ಕೆ ಹೋಗಿ ಅಲ್ಲೇ ಉಳಿಯುವುದು ಇನ್ನೊಂದು. ನಾನು ಮೊದಲು ಅಮ್ಮನ ಜೊತೆ ಹಡಗಲ್ಲಿ ಹೋದೆ. ಕೆಲವು ವರ್ಷಗಳ ನಂತರ ಗಂಡ, ಮಗಳ ಜೊತೆ ಅಗತ್ತಿಯಲ್ಲಿ ಉಳಿದೆ. ಮಂಗಳೂರಿನಲ್ಲಿ ನನ್ನನ್ನು ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ. ಒಂದು ದ್ವೀಪ ಸಾಕು, ಅಲ್ಲೇ ಉಳಿಯಿರಿ. ಮಿನಿಕಾಯ್ ನೋಡಲೇಬೇಕು ಅನ್ನುವವರು ಮಾತ್ರ ಹಡಗು ಹತ್ತಿ.

ಮೊದಲು ಹಡಗಿನ ವಿಷಯ. ಸರ್ಕಾರದ ‘ಸಮುದ್ರಂ’ ಪ್ಯಾಕೇಜ್ ಐದು ದಿನದ್ದು. ಕವರತ್ತಿ, ಕಲ್ಪೇನಿ, ಮಿನಿಕಾಯ್, ಈ ಮೂರು ದ್ವೀಪ ತೋರಿಸುತ್ತಾರೆ. ಎಂ.ವಿ. ಕವರತ್ತಿ ಹಡಗಿನಲ್ಲಿ 700 ಜನ ಹೋಗಬಹುದು. ಪ್ರವಾಸಿಗಳಿಗೆ ಕ್ಯಾಬಿನ್ ಇರುತ್ತದೆ, ಊಟ, ದೋಣಿ ಎಲ್ಲ ಪ್ಯಾಕೇಜಲ್ಲೇ ಸೇರಿರುತ್ತದೆ. ಆದರೆ ಹಡಗಿರುವುದು ಮುಖ್ಯವಾಗಿ ದ್ವೀಪದ ಜನರಿಗೆ. ಕೊಚ್ಚಿಯ ಆಸ್ಪತ್ರೆಯಿಂದ ಮನೆಗೆ ಹೋಗುವವರು, ರಜೆಗೆ ಊರಿಗೆ ಹೊರಟ ಕಾಲೇಜು ಮಕ್ಕಳು, ಮದುವೆಗೆ ಬಟ್ಟೆ ಕೊಂಡವರು ಎಲ್ಲರೂ ಅದರಲ್ಲೇ. ಹಡಗಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಸಂಜೆ ಡೆಕ್ಕಿನಲ್ಲಿ ಸುಮ್ನೆ ಕೂತರೆ ಸಾಕು, ಯಾರಾದರೂ ಮಾತಿಗೆ ಸಿಗುತ್ತಾರೆ.

ಹಾಗೆ ಸಿಕ್ಕಿದವರು ಕಡ್ಮತ್ ದ್ವೀಪದ ಒಬ್ಬ ಹಿರಿಯರು. ನಾವು ಮಂಗಳೂರಿನವರು ಅಂದ ಕೂಡಲೇ ಅವರ ಮುಖ ಅರಳಿತು. ಅವರ ತಂದೆಯ ಕಾಲದಲ್ಲಿ ಹಾಯಿದೋಣಿಯಲ್ಲಿ ಹುರಿಹಗ್ಗ, ಕೊಬ್ಬರಿ ತುಂಬಿಕೊಂಡು ನಮ್ಮ ಬಂದರಿಗೆ ಬಂದು, ಅಕ್ಕಿ ತುಂಬಿಸಿಕೊಂಡು ಹೋಗುತ್ತಿದ್ದರಂತೆ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಉತ್ತರದ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ‘ನಮಗೆ ಕಲೆಕ್ಟರು ಮಂಗಳೂರಿನವರೇ ಅಲ್ವಾ’ ಎಂದು ಅವರು ಮಲಯಾಳದಲ್ಲಿ ಹೇಳಿದಾಗ ಅಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಈಗಲೂ ನಮ್ಮ ಹಳೆ ಬಂದರಿನ ದಕ್ಕೆಯಿಂದ ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಮಂಜಿಗಳು, ಅಂದರೆ ಸರಕಿನ ದೋಣಿಗಳು, ಆ ಕಡೆಗೆ ಹೋಗುತ್ತವೆ.

ಇನ್ನು ಇಳಿಯುವ ಕತೆ. ಇದನ್ನು ಯಾವ ಬ್ರೋಷರಿನಲ್ಲೂ ಸರಿಯಾಗಿ ಬರೆಯುವುದಿಲ್ಲ. ದ್ವೀಪದ ಪಡುವಣಕ್ಕೆ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ಹಸಿರು ನೀರಿನ ಲಗೂನ್. ದೊಡ್ಡ ಹಡಗು ಅದರೊಳಗೆ ಬರುವಂತಿಲ್ಲ. ಹೊರಗಿನ ಆಳ ಕಡಲಲ್ಲೇ ನಿಲ್ಲುತ್ತದೆ. ಹಡಗಿನ ಪಕ್ಕೆಯಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಒಂದು ಬಾಗಿಲು ತೆರೆಯುತ್ತಾರೆ. ಕೆಳಗೆ ಸಣ್ಣ ದೋಣಿ ಬಂದು ಅಂಟಿ ನಿಲ್ಲುತ್ತದೆ. ನಿಲ್ಲುತ್ತದೆ ಅಂದರೆ, ಅಲೆ ಬಂದಾಗ ಆಳೆತ್ತರ ಏರುತ್ತದೆ, ಮರುಕ್ಷಣ ಅಷ್ಟೇ ಇಳಿಯುತ್ತದೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ಖಲಾಸಿಗಳು. ನಿಮ್ಮ ಮುಂಗೈ ಅಲ್ಲ, ಮೊಣಕೈ ಹತ್ತಿರ ಗಟ್ಟಿಯಾಗಿ ಹಿಡಿಯುತ್ತಾರೆ. ದೋಣಿ ಮೇಲೆ ಬರುವ ಹೊತ್ತಿಗೆ ಕಾಯುತ್ತಾರೆ. ಅವರು ಕೂಗಿದ ಕೂಡಲೇ ಕಾಲಿಡಬೇಕು, ಅರೆಕ್ಷಣ ಯೋಚಿಸಿದರೂ ದೋಣಿ ಕೆಳಗೆ ಹೋಗಿರುತ್ತದೆ. ಅಮ್ಮ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಕಣ್ಣು ಮುಚ್ಚಿ ಕಾಲಿಟ್ಟರು. ಖಲಾಸಿಗಳು ಅವರನ್ನು ಹೂವಿನಂತೆ ಇಳಿಸಿದರು, ಆ ಹುಡುಗರ ಕೈಗೆ ನಮಸ್ಕಾರ. ಆದರೆ ಈ ಸಾಹಸ ದ್ವೀಪಕ್ಕೆ ಇಳಿಯುವಾಗ ಒಮ್ಮೆ, ಹಡಗಿಗೆ ಹತ್ತುವಾಗ ಒಮ್ಮೆ, ಪ್ರತಿ ದ್ವೀಪದಲ್ಲೂ ಆಗಬೇಕು. ಕೊನೆಯ ದ್ವೀಪದ ಹೊತ್ತಿಗೆ ಅಮ್ಮನ ಮಂಡಿ ಊದಿತ್ತು. ಮಂಡಿನೋವು, ಸೊಂಟನೋವು ಇರುವ ಹಿರಿಯರನ್ನು ಹಡಗಿನ ಪ್ಯಾಕೇಜಿಗೆ ದಯವಿಟ್ಟು ಕರೆದುಕೊಂಡು ಹೋಗಬೇಡಿ. ಹಡಗೆಂದರೆ ಆರಾಮ ಎಂದುಕೊಂಡು ವಯಸ್ಸಾದವರೇ ಜಾಸ್ತಿ ಇದನ್ನು ಆರಿಸುತ್ತಾರೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ದ್ವೀಪದಲ್ಲಿ ಸಿಗುವುದು ಬೆಳಿಗ್ಗೆ ತಿಂಡಿಯ ನಂತರದಿಂದ ಸಂಜೆಯ ಮೊದಲಿನವರೆಗೆ, ಅಂದರೆ ಸೂರ್ಯ ನೆತ್ತಿಯ ಮೇಲಿರುವ ಹೊತ್ತು. ಬಿಳಿ ಮರಳಿನ ಮೇಲೆ ಆ ಬಿಸಿಲು ಕಣ್ಣು ಕುಕ್ಕುತ್ತದೆ. ಎಳನೀರು ಕೊಡುತ್ತಾರೆ, ಗಾಜಿನ ತಳದ ದೋಣಿಯಲ್ಲಿ ಹವಳ ತೋರಿಸುತ್ತಾರೆ, ತೆಂಗಿನ ತೋಪಿನಲ್ಲಿ ಊಟ, ಆಮೇಲೆ ಕೋಲ್ಕಳಿ ಕುಣಿತ. ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಕವರತ್ತಿಯ ಉಜ್ರಾ ಮಸೀದಿಯ ಚಾವಣಿಯ ಮರದ ಕೆತ್ತನೆ ನೋಡಿದೆವು. ಕಲ್ಪೇನಿಯಲ್ಲಿ 1847ರ ಬಿರುಗಾಳಿ ಎತ್ತಿ ತಂದು ಹಾಕಿದ ಹವಳದ ಕಲ್ಲುಗಳ ದಿಬ್ಬ ಇನ್ನೂ ಹಾಗೇ ಬಿದ್ದಿದೆ, ಅದನ್ನೂ ನೋಡಿದೆವು. ಆದರೆ ಯಾರ ಮನೆಯ ಜಗುಲಿಯಲ್ಲೂ ಕೂರಲಿಲ್ಲ. ಮಧ್ಯಾಹ್ನ ಊರಿನವರು ಮನೆಯೊಳಗೆ ಇರುತ್ತಾರೆ. ಅವರು ಹೊರಗೆ ಬರುವ ಹೊತ್ತಿಗೆ ನಾವು ದೋಣಿಗೆ ಸಾಲು ನಿಂತಿರುತ್ತೇವೆ.

ಮಿನಿಕಾಯ್ ಮಾತ್ರ ಬೇರೆಯೇ. ಅಲ್ಲಿಗೆ ಹೋಗಲು ಸಾಮಾನ್ಯ ಪ್ರವಾಸಿಗೆ ಹಡಗೇ ಸುಲಭದ ದಾರಿ. ಉಳಿದ ದ್ವೀಪಗಳಲ್ಲಿ ಮಲಯಾಳದ ಒಂದು ಬಗೆ, ಜಸರಿ, ಮಾತಾಡುತ್ತಾರೆ. ಮಿನಿಕಾಯ್‌ನವರದು ಮಾಲ್ದೀವ್ಸಿನ ಕಡೆಯ ಮಹಲ್ ಭಾಷೆ, ಬರೆಯುವುದು ಬಲದಿಂದ ಎಡಕ್ಕೆ. ಊರು ಹಲವು ಕೇರಿಗಳಾಗಿದೆ, ಪ್ರತಿ ಕೇರಿಗೂ ಅದರದೇ ಮುಖ್ಯಸ್ಥರು, ಅದರದೇ ಬಣ್ಣ ಬಳಿದ ಉದ್ದನೆಯ ಓಟದ ದೋಣಿ. ಗಂಡಸರಲ್ಲಿ ಬಹಳ ಜನ ವಿದೇಶಿ ಹಡಗುಗಳಲ್ಲಿ ದುಡಿಯುತ್ತಾರೆ. 1885ರಲ್ಲಿ ಬ್ರಿಟಿಷರು ಕಟ್ಟಿದ ದೀಪಸ್ತಂಭ ಹತ್ತಿ ನಿಂತರೆ ಇಡೀ ದ್ವೀಪ ಕುಡುಗೋಲಿನಂತೆ ಬಾಗಿ ಮಲಗಿರುವುದು ಕಾಣುತ್ತದೆ. ಇದಕ್ಕಾಗಿ ಹಡಗು ಹತ್ತಿದರೂ ನಷ್ಟವಿಲ್ಲ.

ಈಗ ಅಗತ್ತಿ. ಏಳು ಕಿಲೋಮೀಟರಿನಷ್ಟು ಉದ್ದದ ಊರು, ಅಗಲ ಅಗಲವಿರುವಲ್ಲೂ ಒಂದು ಕಿಲೋಮೀಟರಿನಷ್ಟೇ. ದಕ್ಷಿಣದ ತುದಿಯಲ್ಲಿ ರನ್‌ವೇ, ಎರಡೂ ಕಡೆ ಕಡಲು. ಅದಕ್ಕೇ ಅಲ್ಲಿ ಎಟಿಆರ್‌ನಂಥ ಸಣ್ಣ ವಿಮಾನ ಮಾತ್ರ ಇಳಿಯುತ್ತದೆ. ಕೊಚ್ಚಿಯಿಂದ ಒಂದೂವರೆ ಗಂಟೆ. 2024ರ ಮಾರ್ಚ್ ಕೊನೆಗೆ ಬೆಂಗಳೂರಿನಿಂದಲೂ ನೇರ ವಿಮಾನ ಶುರುವಾಯಿತು. ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ನಾವು ಉಳಿದದ್ದು ಒಂದು ಹೋಂಸ್ಟೇಯಲ್ಲಿ. ಎರಡು ಕೋಣೆ, ಒಂದು ಪಡಸಾಲೆ, ಲಗೂನ್ ಕಡೆಗೆ ಹಿತ್ತಿಲು. ಎಸಿ ಇತ್ತು. ಸ್ನಾನದ ನೀರು ಸ್ವಲ್ಪ ಉಪ್ಪುಪ್ಪು, ಸೋಪು ನೊರೆ ಬರುವುದಿಲ್ಲ. ಇಷ್ಟು ಸಣ್ಣ ನೆಲದಡಿ ಸಿಹಿನೀರಿನ ತೆಳು ಪದರ ಮಾತ್ರ ಇರುತ್ತದೆ, ಜಾಸ್ತಿ ಎತ್ತಿದರೆ ಉಪ್ಪುನೀರು ಏರುತ್ತದೆ. ಕುಡಿಯುವ ನೀರನ್ನು ಕಡಲ ನೀರಿನಿಂದಲೇ ಮಾಡುವ ಘಟಕ 2005ರಲ್ಲಿ ಕವರತ್ತಿಯಲ್ಲಿ ಮೊದಲು ಬಂತು, ಆಮೇಲೆ ಅಗತ್ತಿಗೂ ಬಂತು. ಹೋದವರು ಷವರ್ ಬಿಟ್ಟುಕೊಂಡು ನಿಲ್ಲದೆ ಬಕೆಟ್ ಸ್ನಾನ ಮಾಡಿದರೆ ಆ ಊರಿಗೆ ದೊಡ್ಡ ಉಪಕಾರ.

ಉಳಿದರೆ ಏನು ಸಿಗುತ್ತದೆ ಅಂತ ಕೇಳಿದರೆ, ನಾನು ಬೆಳಗಿನ ಇಳಿತದ ಹೊತ್ತನ್ನು ಹೇಳುತ್ತೇನೆ. ನೀರು ಮೊಣಕಾಲಿಗೆ ಇಳಿದಿರುತ್ತದೆ. ಹೋಂಸ್ಟೇ ಮನೆಯ ಅಜ್ಜ ಹಳೆ ಚಪ್ಪಲಿ ಕೊಟ್ಟು, ಮಗಳ ಕೈ ಹಿಡಿದು ನೀರಿನಲ್ಲಿ ನಡೆಸಿಕೊಂಡು ಹೋದರು. ಹವಳ ತುಳಿಯಬಾರದು, ಮರಳಿನ ಜಾಗದಲ್ಲೇ ಕಾಲಿಡಬೇಕು. ಹಿಟ್ಟಿನ ಚೀಲದಂತೆ ಮಲಗಿದ ಕಡಲಸೌತೆ ಅನ್ನುವ ಪ್ರಾಣಿ, ಬೆರಳಿನಂತೆ ಆಡುವ ಹೂವಿನ ನಡುವೆ ಬಿಳಿ ಪಟ್ಟೆಯ ಕಿತ್ತಳೆ ಮೀನು, ಕಲ್ಲಿನ ಸಂದಿಯಲ್ಲಿ ಬಣ್ಣ ಬದಲಿಸುತ್ತಿದ್ದ ಅಷ್ಟಪದಿ. ಸ್ವಲ್ಪ ದೂರದಲ್ಲಿ ಇಬ್ಬರು ಈಟಿ ಹಿಡಿದು ಅದನ್ನೇ ಹುಡುಕುತ್ತಿದ್ದರು. ಗಾಜಿನ ತಳದ ದೋಣಿಯಿಂದ ನೋಡಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಎಷ್ಟೋ ಕಡೆ ಹವಳ ಬೂದು ಬಣ್ಣಕ್ಕೆ ತಿರುಗಿ ಸತ್ತಿರುವುದನ್ನೂ ಅಜ್ಜನೇ ತೋರಿಸಿದರು. ಕಡಲು ಕಾದು 1998ರಲ್ಲಿ, 2010ರಲ್ಲಿ, 2016ರಲ್ಲಿ ಹವಳ ಬಿಳಿಚಿಕೊಂಡಿತ್ತು. 2024ರಲ್ಲಿ ಮತ್ತೆ ಹಾಗಾಯಿತು. ಬರೀ ಚಂದದ ಜಾಗ ತೋರಿಸಿ ಕಳಿಸದೆ ಇದನ್ನೂ ತೋರಿಸಿದ್ದು ನನಗೆ ದೊಡ್ಡ ವಿಷಯ.

ಸಂಜೆ ಜೆಟ್ಟಿಗೆ ಮೀನಿನ ದೋಣಿಗಳು ಬರುತ್ತವೆ. ಇಲ್ಲಿ ಟ್ಯೂನಾ, ನಮ್ಮ ಕಡೆಯ ಕೇದರ, ಹಿಡಿಯಲು ದೊಡ್ಡ ಬಲೆ ಹಾಕುವುದಿಲ್ಲ. ಬೆಳಿಗ್ಗೆ ಲಗೂನಿನಲ್ಲಿ ಸಣ್ಣ ಮೀನು ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರಗಿನ ಕಡಲಲ್ಲಿ ಅದನ್ನು ಎರಚಿ, ಮೇಲಿಂದ ನೀರು ಚಿಮುಕಿಸುತ್ತಾರೆ. ಮೀನಿನ ಗುಂಪು ಎಂದುಕೊಂಡು ಕೇದರ ನುಗ್ಗುತ್ತದೆ. ಆಗ ಗಳಕ್ಕೆ ಕಟ್ಟಿದ ಗಾಳದಲ್ಲಿ ಒಂದೊಂದನ್ನೇ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಇದನ್ನು ನನಗೆ ವಿವರಿಸಿದವರು ಜೆಟ್ಟಿಯಲ್ಲಿ ದೋಣಿ ತೊಳೆಯುತ್ತಿದ್ದ ಹುಡುಗರು. ಮಗಳು ಕಡಲಾಮೆ ಕಂಡು ಕುಣಿದಾಗ ಅವರಲ್ಲೊಬ್ಬ, ‘ನಿಮಗೆ ಖುಷಿ, ನಮಗೆ ಕಷ್ಟ’ ಅಂದ. ಹಸಿರು ಕಡಲಾಮೆಗಳು ಲಗೂನಿನ ಹುಲ್ಲನ್ನೆಲ್ಲ ಮೇಯುತ್ತವೆ, ಹುಲ್ಲಿಲ್ಲದಿದ್ದರೆ ಅಲ್ಲಿ ಮರಿ ಹಾಕುವ ಮೀನು ಕಡಿಮೆಯಾಗುತ್ತದೆ ಅನ್ನುವುದು ಅವರ ದೂರು. ಹಗಲು ಬಂದು ಹೋಗುವವರಿಗೆ ಇಂಥ ಮಾತು ಕಿವಿಗೆ ಬೀಳುವುದು ಕಷ್ಟ.

ಊಟ. ಕೇದರದ ಸಾರು, ಒಣಗಿಸಿ ಹೊಗೆ ಹಾಕಿದ ಮೀನಿನ ಚಟ್ನಿ, ತೆಂಗಿನಹಾಲು. ನಮಗೆ ಕುಚ್ಚಲಕ್ಕಿ ಅನ್ನದ ಜೊತೆ ಸ್ವರ್ಗ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ತರಕಾರಿ ಹೊರಗಿನಿಂದಲೇ ಬರಬೇಕು, ದೋಣಿ ತಡವಾದರೆ ಬೇಳೆಸಾರು, ಮೊಟ್ಟೆ ಅಷ್ಟೇ. ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯಿರಿ. ಮದ್ಯ ಹತ್ತಿರದ ಬಂಗಾರಂ ದ್ವೀಪದ ರೆಸಾರ್ಟಿನಲ್ಲಿ ಸಿಗುತ್ತದೆ, ಅಗತ್ತಿಯಲ್ಲಿ ಇಲ್ಲ. ಊರೊಳಗೆ ಓಡಾಡುವಾಗ ಮೈಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಖಾಸಗಿ ಕಂಪನಿಗಳ ದೊಡ್ಡ ಕ್ರೂಸ್ ಹಡಗಿನ ಬಗ್ಗೆಯೂ ಕೇಳುತ್ತಾರೆ. ಈಜುಕೊಳ, ಬಫೆ, ಸಂಗೀತ ಬೇಕು ಅನ್ನುವವರಿಗೆ ಅದು ಸರಿ. ಅಲ್ಲಿ ಹಡಗೇ ಪ್ರವಾಸ, ದ್ವೀಪಕ್ಕೆ ಸಿಗುವುದು ಕೆಲವೇ ಗಂಟೆ.

ಪರ್ಮಿಟ್ ವಿಷಯದಲ್ಲಿ ಎಚ್ಚರ. ಹೊರಗಿನವರಿಗೆಲ್ಲ ಪರ್ಮಿಟ್ ಬೇಕೇಬೇಕು, ಅದರಲ್ಲಿ ಹೆಸರು ಬರೆದಿರುವ ದ್ವೀಪಕ್ಕೆ ಮಾತ್ರ ಹೋಗಬಹುದು. ನಮ್ಮ ಏಜೆಂಟರು ಬಂಗಾರಂ ಸೇರಿಸುತ್ತೇನೆ ಎಂದು ದುಡ್ಡು ತೆಗೆದುಕೊಂಡು ಸೇರಿಸಿರಲಿಲ್ಲ. ಮಗಳಿಗೆ ತುಂಬಾ ಬೇಜಾರಾಯಿತು, ದುಡ್ಡೂ ವಾಪಸ್ ಬರಲಿಲ್ಲ. ಕಾಗದ ಕೈಗೆ ಬಂದ ಕೂಡಲೇ ಒಂದೊಂದು ಹೆಸರನ್ನೂ ಓದಿ ನೋಡಿ. ಎಟಿಎಂ ನಂಬಬೇಡಿ, ನಗದು ಇರಲಿ.

ಮಳೆಗಾಲದಲ್ಲಿ, ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಹಡಗಿನ ಪ್ರವಾಸ ಇರುವುದಿಲ್ಲ. ವಾಂತಿಯ ಭಯ ಇಲ್ಲದವರು ಹೋಗುವಾಗ ಹಡಗು, ಬರುವಾಗ ವಿಮಾನ ಮಾಡಿ. ಕೊಚ್ಚಿಯಿಂದ 14ರಿಂದ 18 ಗಂಟೆ, ಒಂದು ರಾತ್ರಿ. ಡೆಕ್ಕಿನ ಮಾತುಕತೆಯೂ ಸಿಗುತ್ತದೆ, ದೋಣಿಗೆ ಇಳಿಯುವ ಕಷ್ಟವೂ ಒಂದೇ ಸಲಕ್ಕೆ ಮುಗಿಯುತ್ತದೆ. ಅಮ್ಮನನ್ನು ಅಗತ್ತಿಗೆ ಕರೆದುಕೊಂಡು ಹೋಗುವಾಗ ಮಾತ್ರ ಎರಡೂ ಕಡೆ ವಿಮಾನವೇ. ಡಿಸೆಂಬರ್ ರಜೆಗೆ ಟಿಕೆಟ್ ನೋಡುತ್ತಿದ್ದೇನೆ.