ಮರದ ಚೌಕಟ್ಟಿನ ಪುಟ್ಟ ಮನೆ: ಒಂದೇ ಗೋಡೆ, ಮೂರು ಬಗೆಯ ಕಟ್ಟಣೆ

ಲೆಗೊ ಇಟ್ಟಿಗೆಗಳಲ್ಲಿ ಮಧ್ಯಯುಗದ ಯುರೋಪಿನ ಪೇಟೆಮನೆಯೊಂದನ್ನು ಕಟ್ಟಲು ಹೊರಟವರಿಗೆ ಕಲ್ಲಿನ ನೆಲ ಅಂತಸ್ತು ಅಷ್ಟೇನೂ ತೊಂದರೆ ಕೊಡುವುದಿಲ್ಲ. ತಿಳಿಬೂದು ಮತ್ತು ಕಡುಬೂದು ಇಟ್ಟಿಗೆಗಳನ್ನು ಬೆರೆಸಿ, ನಡುನಡುವೆ ಗಾರೆಯ ಗೆರೆಗಳನ್ನು ಮೂಡಿಸಿರುವ ತುಂಡುಗಳನ್ನು ಸೇರಿಸಿದರೆ ಕಲ್ಲುಗೋಡೆಯ ಭಾವ ಬಂದುಬಿಡುತ್ತದೆ. ಕಷ್ಟ ಮೊದಲಾಗುವುದು ಮೇಲಂತಸ್ತಿನಲ್ಲಿ. ಅಲ್ಲಿ ಕಂಬ, ತೊಲೆ, ಓರೆಪಟ್ಟಿಗಳು ಹೊರಗೇ ಕಾಣುತ್ತವೆ. ಅವುಗಳ ನಡುವಿನ ಜಾಗವನ್ನು ನಮ್ಮ ಹಳ್ಳಿಗಳ ತಡಿಕೆ ಗೋಡೆಯಂತೆಯೇ ಕಡ್ಡಿ ಹೆಣೆದು, ಮಣ್ಣು ಮೆತ್ತಿ ತುಂಬಿರುತ್ತಾರೆ. 1994ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜರ್ಮನಿಯ ಕ್ವೆಡ್ಲಿನ್‌ಬುರ್ಗ್ ಪಟ್ಟಣದ ಬೀದಿಗಳಲ್ಲಿ ಇಂಥ ಮನೆಗಳು ಸಾಲುಸಾಲಾಗಿ ನಿಂತಿವೆ.

ಇದೇ ಶೈಲಿಯ ಸಿದ್ಧ ಪೆಟ್ಟಿಗೆಗಳೂ ಇವೆ: 2021ರ ಕಮ್ಮಾರನ ಮನೆಗೆ 2,164 ತುಂಡುಗಳು, 2024ರ ಪೇಟೆ ಚೌಕಕ್ಕೆ 3,304 ತುಂಡುಗಳು. ನನಗೆ ಬೇಕಾಗಿದ್ದುದು ಕೈಯಲ್ಲಿರುವ ಬಿಡಿ ತುಂಡುಗಳಿಂದಲೇ ಆಗುವ, ಒಂದು ಕೈಯಲ್ಲಿ ಎತ್ತಿಡಬಹುದಾದ ಮನೆ. ಆದ್ದರಿಂದ 12 ಸ್ಟಡ್ (ಇಟ್ಟಿಗೆಯ ತಲೆಯ ಮೇಲಿನ ದುಂಡನೆಯ ಉಬ್ಬು; ಅಳತೆಗೂ ಅದೇ ಲೆಕ್ಕ) ಅಗಲ, 16 ಸ್ಟಡ್ ಉದ್ದದ, ಅಂದರೆ 96 ಮತ್ತು 128 ಮಿ.ಮೀ. ಅಳತೆಯ ಒಂದೇ ನೆಲ ಅಂತಸ್ತನ್ನು ಕಟ್ಟಿ, ಅದರ ಮೇಲೆ ಕೂರಿಸಿ ತೆಗೆಯಬಹುದಾದ ಮೂರು ಮೇಲಂತಸ್ತುಗಳನ್ನು ಮೂರು ವಿಧಾನಗಳಲ್ಲಿ ಮಾಡಿ ನೋಡಿದೆ. ಲೆಗೊ ಬೊಂಬೆ ಸುಮಾರು 4 ಸೆಂ.ಮೀ. ಎತ್ತರವಿರುವುದರಿಂದ ಅದರ ಲೆಕ್ಕಕ್ಕೆ ಇದು ನಾಲ್ಕು ಮೀಟರ್ ಅಗಲದ, ಬೀದಿಗೆ ಕಿರಿದಾದ ಮುಖವಿಟ್ಟ ಮನೆ.

ಮೊದಲನೆಯದು ನೇರ ಜೋಡಣೆ: ಕಂದು ಇಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟು ಕಂಬ ನಿಲ್ಲಿಸುವುದು, ನಡುವೆ ಬಿಳಿ ಇಟ್ಟಿಗೆ ತುಂಬುವುದು. ಇಡೀ ಮುಂಗೋಡೆ ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ಕಂಬದ ಎರಡೂ ಬದಿಯ ಸಂದು ಕೆಳಗಿನಿಂದ ಮೇಲಿನವರೆಗೆ ಒಂದೇ ನೇರದಲ್ಲಿ ಬರುವುದರಿಂದ, ಯಾವ ಗಾರೆಯವನೂ ಒಪ್ಪದ ಗೋಡೆ ಇದಾಗುತ್ತದೆ. ಕೆಳಗೂ ಮೇಲೂ ಉದ್ದನೆಯ ಪ್ಲೇಟುಗಳನ್ನು, ಅಂದರೆ ಇಟ್ಟಿಗೆಯ ಮೂರನೇ ಒಂದರಷ್ಟು ಎತ್ತರದ ತೆಳು ತುಂಡುಗಳನ್ನು, ಹಾಕಿ ಬಿಗಿಯದಿದ್ದರೆ ಕಂಬಗಳು ಹಲ್ಲಿನಂತೆ ಅಲುಗುತ್ತವೆ. ಇನ್ನೊಂದು ದೋಷ ಅಳತೆಯದು. ಅಡ್ಡತೊಲೆಯನ್ನು ಪ್ಲೇಟಿನಿಂದ 3.2 ಮಿ.ಮೀ.ಗೆ ಇಳಿಸಬಹುದು, ಆದರೆ ಕಂಬ ಒಂದು ಸ್ಟಡ್ ಅಗಲಕ್ಕಿಂತ, ಅಂದರೆ 8 ಮಿ.ಮೀ.ಗಿಂತ ತೆಳ್ಳಗಾಗದು. ಬೊಂಬೆಯ ಲೆಕ್ಕದಲ್ಲಿ ಅದು ಒಂದೂವರೆ ಗೇಣಿನ ಕಂಬ. ಕಂಬದ ಬುಡದಲ್ಲಿ ಇಳಿಜಾರು ಇಟ್ಟಿಗೆಯನ್ನೂ ತಲೆಯಲ್ಲಿ ತಲೆಕೆಳಗಾದ ಇಳಿಜಾರು ಇಟ್ಟಿಗೆಯನ್ನೂ ಇಟ್ಟರೆ ಓರೆಪಟ್ಟಿಯ ಬದಲು ಕಂದು ತ್ರಿಕೋನಗಳಾದರೂ ಸಿಗುತ್ತವೆ, ಅವು ಗಟ್ಟಿಯಾಗಿಯೂ ಇರುತ್ತವೆ. ಇಷ್ಟಾದರೂ ಎಲ್ಲವೂ ಒಂದೇ ಮಟ್ಟದಲ್ಲಿರುವ ಕಾರಣ, ದೂರದಿಂದ ನೋಡಿದಾಗ ಮನೆ ಪಟ್ಟೆ ಬಳಿದ ಡಬ್ಬಿಯಂತೆ ಕಾಣುತ್ತದೆ. ನಿಜವಾದ ಮನೆಗಳಲ್ಲಿ ಎಷ್ಟೋ ಕಡೆ ಗಾರೆಯೂ ಮರವೂ ಒಂದೇ ಮಟ್ಟದಲ್ಲಿರುತ್ತವೆಂಬುದು ಸರಿಯೇ. ಆದರೆ ಅಲ್ಲಿ ಮರದ ಒರಟುತನ ಕಣ್ಣಿಗೆ ಬೀಳುತ್ತದೆ. ನುಣುಪಾದ ಪ್ಲಾಸ್ಟಿಕ್ಕಿನಲ್ಲಿ ಆ ಕೆಲಸವನ್ನು ನೆರಳೇ ಮಾಡಬೇಕು.

ಎರಡನೆಯ ವಿಧಾನದಲ್ಲಿ ಗೋಡೆಯ ಮುಖವನ್ನು ಬೇರೆಯಾಗಿ, ಮಲಗಿಸಿದ ಹಲಗೆಯಂತೆ ತಯಾರಿಸಿ, ಸ್ಟಡ್‌ಗಳು ಬೀದಿಯ ಕಡೆಗೆ ತಿರುಗುವಂತೆ ನಿಲ್ಲಿಸುತ್ತೇವೆ. ಇದು ಸಾಧ್ಯವಾಗುವುದು ಒಂದು ಸರಳ ಲೆಕ್ಕದಿಂದ: ಐದು ಪ್ಲೇಟುಗಳ ದಪ್ಪ 16 ಮಿ.ಮೀ., ಎರಡು ಸ್ಟಡ್‌ಗಳ ಅಗಲವೂ 16 ಮಿ.ಮೀ. ಬದಿಯಲ್ಲಿ ಸ್ಟಡ್ ಇರುವ ಇಟ್ಟಿಗೆ, ಅದರ ಮೇಲೆ ಎರಡು ಪ್ಲೇಟು, ಮತ್ತೆ ಅಂಥದೇ ಇಟ್ಟಿಗೆ ಎಂಬ ಕ್ರಮದಲ್ಲಿ ಒಳಗೋಡೆ ಕಟ್ಟಿದರೆ ಹಲಗೆ ತಪ್ಪದೆ ಕಚ್ಚಿಕೊಳ್ಳುತ್ತದೆ. ಮೇಲಂತಸ್ತಿಗೆ ಐದು ಇಟ್ಟಿಗೆಗಳ ಎತ್ತರವನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ, ಏಕೆಂದರೆ 48 ಮಿ.ಮೀ. ಎಂದರೆ ಸರಿಯಾಗಿ ಆರು ಸ್ಟಡ್. ತಳದ ಪ್ಲೇಟಿನ ಮೇಲೆ ಬಿಳಿ ಟೈಲುಗಳನ್ನು (ಸ್ಟಡ್ ಇಲ್ಲದ ನುಣುಪು ತುಂಡುಗಳು) ಹಾಸಿ, ಚೌಕಟ್ಟು ಬರುವಲ್ಲಿ ಇನ್ನೊಂದು ಪ್ಲೇಟು ಸೇರಿಸಿ ಕಂದು ಟೈಲು ಹಾಕಿದಾಗ ಮರ 3.2 ಮಿ.ಮೀ. ಮುಂದೆ ಬಂತು. ಸಂಜೆಯ ಬಿಸಿಲಿನಲ್ಲಿ ಕಿಟಕಿಯ ಬಳಿ ಇಟ್ಟಾಗ ಪ್ರತಿ ತೊಲೆಯ ಕೆಳಗೂ ತೆಳುವಾದ ನೆರಳಿನ ಗೆರೆ ಮೂಡಿತು.

ನಾನು ನಿರೀಕ್ಷಿಸದ ಲಾಭವೊಂದೂ ಇದರಲ್ಲಿತ್ತು. ಮಧ್ಯಯುಗದ ಪೇಟೆಮನೆಗಳ ಮೇಲಂತಸ್ತು ಕೆಳಗಿನದಕ್ಕಿಂತ ಬೀದಿಯ ಕಡೆಗೆ ಚಾಚಿಕೊಂಡಿರುವುದುಂಟು; ಇಂಗ್ಲೆಂಡಿನ ಯಾರ್ಕ್ ನಗರದ ಶಾಂಬಲ್ಸ್ ಓಣಿಯಲ್ಲಿ ಎದುರುಬದುರು ಮನೆಗಳು ಹೀಗೆ ಚಾಚಿ ಆಕಾಶವನ್ನೇ ಕಿರಿದಾಗಿಸಿವೆ. ಒಳಗೋಡೆ ಕೆಳಗಿನ ಗೋಡೆಯ ನೇರಕ್ಕೇ ನಿಂತರೆ, ಅದರ ಮುಂದೆ ಅಂಟಿದ ಹಲಗೆಯ ದಪ್ಪವೇ ಈ ಚಾಚನ್ನು ಕೊಡುತ್ತದೆ. ಪ್ರತ್ಯೇಕ ಆಧಾರ ಬೇಡ. ಕೊರತೆಗಳೂ ಇವೆ. ಪಕ್ಕದಿಂದ ನೋಡಿದರೆ ಹಲಗೆಯ ಅಂಚಿನಲ್ಲಿ ಪ್ಲೇಟುಗಳ ಪದರ ಕಾಣುತ್ತದೆ. ಎರಡು ಇಟ್ಟಿಗೆ ಎತ್ತರದ, ಅಂದರೆ 19.2 ಮಿ.ಮೀ. ಕಿಟಕಿ, ಹಲಗೆಯಲ್ಲಿ ಬಿಟ್ಟ ಎರಡು ಸ್ಟಡ್‌ಗಳ 16 ಮಿ.ಮೀ. ತೆರಪಿಗೆ ಹೊಂದುವುದಿಲ್ಲ. ಅದನ್ನು ಹಿಂದಿನ ಒಳಗೋಡೆಯಲ್ಲಿ ನಿಲ್ಲಿಸಿ ಅಂಚು ಮರೆಮಾಡಿದ್ದರಿಂದ ಕಿಟಕಿ ಆಳಕ್ಕೆ ಕುಳಿತಂತಾಯಿತು, ಅದು ಚೆನ್ನಾಗಿಯೇ ಇದೆ. ತುಂಡುಗಳು ಮಾತ್ರ ಮೊದಲನೆಯದಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಬೇಕಾದವು.

ಮೂರನೆಯದು ಇದೇ ಹಲಗೆಯ ಮೇಲೆ ನಿಜವಾದ ಓರೆಪಟ್ಟಿಯನ್ನು ಕೂರಿಸುವ ಪ್ರಯತ್ನ. ಚೌಕಟ್ಟು ಒಂದು ಪಕ್ಕಕ್ಕೆ ವಾಲದಂತೆ ತಡೆಯುವುದು ಬಡಗಿಯ ಓರೆಪಟ್ಟಿಯೇ ಆದ್ದರಿಂದ ಅದಿಲ್ಲದ ಗೋಡೆ ಕಣ್ಣಿಗೆ ಅಪೂರ್ಣವೆನಿಸುತ್ತದೆ. ಆರು ಸ್ಟಡ್ ಉದ್ದದ ಟೈಲಿನ ಎರಡು ತುದಿಗಳ ಸ್ಟಡ್ ಜಾಗಗಳ ನಡುವಿನ ಅಂತರ 5. 3, 4, 5 ಬದಿಗಳ ಲಂಬಕೋನ ತ್ರಿಕೋನದ ಲೆಕ್ಕದಂತೆ ಅಡ್ಡಕ್ಕೆ 4, ಎತ್ತರಕ್ಕೆ 3 ಎಣಿಸಿ ಎರಡೇ ಸ್ಟಡ್‌ಗಳನ್ನು ಬಿಟ್ಟು ಉಳಿದದ್ದನ್ನು ನುಣುಪು ಮಾಡಿದರೆ ಟೈಲು ಓರೆಯಾಗಿ ಸರಿಯಾಗಿ ಕೂರಬೇಕು. ಕಾಗದದ ಮೇಲೆ ಕೂತಿತು, ಗೋಡೆಯ ಮೇಲೆ ಕೂರಲಿಲ್ಲ. ಓರೆಯಾದ ಟೈಲಿನ ಚೂಪು ಮೂಲೆ ಸುಮಾರು ಒಂದೂವರೆ ಮಿ.ಮೀ.ನಷ್ಟು ಆಚೆ ಚಾಚಿ ಮೇಲಿನ ಮತ್ತು ಕೆಳಗಿನ ತೊಲೆಗಳಿಗೆ ತಾಗುತ್ತದೆ. ತೊಲೆಯನ್ನು ಬಿಳಿ ಟೈಲಿನ ಮಟ್ಟಕ್ಕೆ ಇಳಿಸಿದರೆ ಕಷ್ಟಪಟ್ಟು ಗಳಿಸಿದ ನೆರಳು ಹೋಗುತ್ತದೆ. ಓರೆಪಟ್ಟಿಯನ್ನೇ ಒಂದು ಪದರ ಮೇಲೆತ್ತಿದರೆ ಅದು ಚೌಕಟ್ಟಿಗಿಂತ ಮುಂದೆ ಬಂದು, ಕಂಬಕ್ಕೆ ಕೂಡು ಕೊರೆದು ಗೂಟ ಹೊಡೆದ ಮರದಂತಲ್ಲದೆ, ಆಮೇಲೆ ತಂದು ಅಂಟಿಸಿದ ರೀಪಿನಂತೆ ಕಾಣುತ್ತದೆ. ಎರಡನ್ನೂ ಮಾಡಿ ನೋಡಲು ಮೂರು ಸಂಜೆ ಕಳೆದೆ. ಮೇಲಂತಸ್ತನ್ನು ಎತ್ತುವಾಗ ಬೆರಳು ತಗುಲಿದರೆ ಸಾಕು, ಎರಡೇ ಸ್ಟಡ್ ಹಿಡಿದುಕೊಂಡ ಆ ಪಟ್ಟಿ ಹಾರಿಹೋಗುತ್ತಿತ್ತು.

ಬಣ್ಣದ ಬಗ್ಗೆ ಒಂದು ಮಾತು. ಚೌಕಟ್ಟಿಗೆ ಕಪ್ಪು ಹಾಕಬೇಕೆಂದು ಅನೇಕರು ಭಾವಿಸುತ್ತಾರೆ. ಇಂಗ್ಲೆಂಡಿನಲ್ಲಿ ಆ ಕಪ್ಪು–ಬಿಳುಪಿನ ರೂಢಿ ಬಹುಮಟ್ಟಿಗೆ 19ನೆಯ ಶತಮಾನದ ಅಭಿರುಚಿ. ಮಧ್ಯಯುಗದ ಮನೆಗೆ ಕಂದು ಮರ, ಕೆನೆಬಣ್ಣದ ಗಾರೆಯೇ ಹೆಚ್ಚು ಒಪ್ಪುತ್ತದೆ.

ಮಾಡಿನಲ್ಲಿ ಹೆಚ್ಚು ಪೈಪೋಟಿಯಿಲ್ಲ. 45 ಡಿಗ್ರಿ ಎಂದು ಕರೆಯುವ ಇಳಿಜಾರು ಇಟ್ಟಿಗೆಗಳು ಪ್ರತಿ ಸಾಲಿಗೆ 8 ಮಿ.ಮೀ. ಸರಿದು 9.6 ಮಿ.ಮೀ. ಏರುವುದರಿಂದ ಮಾಡಿನ ಓಟ ವಾಸ್ತವದಲ್ಲಿ 50 ಡಿಗ್ರಿಯಷ್ಟಾಗುತ್ತದೆ. ಗಟ್ಟಿ, ಆದರೆ ಭಾರ. ಹಿಂಜ್ ಮೇಲೆ ನಿಲ್ಲಿಸಿದ ಎರಡು ಹಲಗೆಗಳ ಮಾಡು ಹಗುರ, ತೆರೆದು ಒಳಗೆ ನೋಡಬಹುದು. ಅರ್ಧ ಅಗಲ 6 ಸ್ಟಡ್, ಹಲಗೆಯ ಉದ್ದ 10 ಸ್ಟಡ್ ಇಟ್ಟರೆ ನೆತ್ತಿ ಸರಿಯಾಗಿ 20 ಪ್ಲೇಟುಗಳ ಎತ್ತರಕ್ಕೆ ಬರುತ್ತದೆ. ನಾನು ಎರಡನೆಯದನ್ನೇ ಉಳಿಸಿಕೊಂಡೆ.

ಈಗ ಕಪಾಟಿನಲ್ಲಿರುವ ಮನೆಗೆ ಬೀದಿಯ ಮುಖ ಎರಡನೆಯ ವಿಧಾನದ್ದು, ಮೂರು ಬದಿಗಳು ಮೊದಲನೆಯ ವಿಧಾನದವು. ಹಲಗೆಯ ಅಂಚಿನ ಪದರ ಕಾಣದಂತೆ ಮೂಲೆಗೆ ಐದು ಇಟ್ಟಿಗೆ ಎತ್ತರದ ಕಂದು ಕಂಬವೊಂದನ್ನು ನಿಲ್ಲಿಸಿದ್ದೇನೆ, ಒಂದೂವರೆ ಗೇಣಿನ ದಪ್ಪ ಆ ಒಂದು ಜಾಗದಲ್ಲಿ ಮೂಲೆಗಂಬಕ್ಕೆ ಒಪ್ಪುತ್ತದೆ. ಓರೆಪಟ್ಟಿ ಮಾತ್ರ ಮುಂಭಾಗದಲ್ಲಿ ಇಲ್ಲ; ಪಕ್ಕದ ಗೋಡೆಗಳ ಕಂದು ತ್ರಿಕೋನಗಳಿಗೇ ಆ ಕೆಲಸವನ್ನು ಬಿಟ್ಟಿದ್ದೇನೆ.