ಹಗುರ ಡೆಸ್ಕ್‌ಟಾಪ್ ಆ್ಯಪ್‌ಗೆ ಎಲೆಕ್ಟ್ರಾನ್, ಟೌರಿ, ಸೈಟರ್: ಯಾವುದು?

ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲೇ ಡೆಸ್ಕ್‌ಟಾಪ್ ಆ್ಯಪ್ ಮಾಡಬೇಕು, ಆದರೆ ಭಾರ ಆಗಬಾರದು, ಅಲ್ವಾ? ಅದಕ್ಕಿರುವ ಮೂರು ಸಾಧನಗಳು ಎಲೆಕ್ಟ್ರಾನ್, ಟೌರಿ, ಸೈಟರ್.

ಮೊದಲು ಗಾತ್ರ ನೋಡೋಣ. ಎಲೆಕ್ಟ್ರಾನ್ ಪ್ರತಿ ಆ್ಯಪ್ ಜೊತೆ ಇಡೀ ಕ್ರೋಮಿಯಂ (ಕ್ರೋಮ್ ಬ್ರೌಸರಿನ ತಿರುಳು) ಮತ್ತು ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮು) ಹೊತ್ತು ತರುತ್ತದೆ. ಒಂದೇ ಬಟನ್ ಇರುವ ಕಿಟಕಿಯೂ ಡಿಸ್ಕ್‌ನಲ್ಲಿ 100 ಎಂಬಿ ದಾಟುತ್ತದೆ. ಟೌರಿ ಕಂಪ್ಯೂಟರಿನಲ್ಲಿ ಆಗಲೇ ಇರುವ ವೆಬ್‌ವ್ಯೂ (ಆ್ಯಪ್ ಒಳಗೆ ವೆಬ್ ಪುಟ ತೋರಿಸುವ ಭಾಗ) ಬಳಸುತ್ತದೆ, ಹಾಗಾಗಿ ಕೆಲವೇ ಎಂಬಿ ಸಾಕು. ಸೈಟರ್‌ಗೆ ಪುಟ ತೋರಿಸುವ ತನ್ನದೇ ಪುಟ್ಟ ಎಂಜಿನ್ ಇದೆ. ಅದೂ ಕೆಲವೇ ಎಂಬಿ.

ಆದರೆ ಗಾತ್ರ ನೋಡಿ ಸುಮ್ನೆ ಮರುಳಾಗಬೇಡಿ. ಟೌರಿಯಲ್ಲಿ ವಿಂಡೋಸ್‌ಗೆ ವೆಬ್‌ವ್ಯೂ2, ಮ್ಯಾಕ್ ಮತ್ತು ಲಿನಕ್ಸ್‌ಗೆ ವೆಬ್‌ಕಿಟ್ ಎಂಬ ಬೇರೆ ಎಂಜಿನ್. ಒಂದೇ ಸಿಎಸ್ಎಸ್ (ಪುಟದ ರೂಪ, ಜೋಡಣೆ ಹೇಳುವ ಕೋಡ್) ಒಂದು ಕಡೆ ಸರಿ ಕಾಣುತ್ತದೆ, ಇನ್ನೊಂದು ಕಡೆ ಕೈಕೊಡಬಹುದು. ಮೂರರಲ್ಲೂ ಪರೀಕ್ಷಿಸಲೇಬೇಕು. ಎಲೆಕ್ಟ್ರಾನ್‌ನಲ್ಲಿ ಈ ತಲೆನೋವು ತೀರಾ ಕಡಿಮೆ. ಸೈಟರ್ ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ಆದರೆ ಅದು ಪೂರ್ತಿ ಬ್ರೌಸರ್ ಅಲ್ಲ. ಪುಟದ ಭಾಗಗಳನ್ನು ಸಾಲಾಗಿ ಜೋಡಿಸಲು ‘ಫ್ಲೋ: ಹಾರಿಜಾಂಟಲ್’ ಅಂತ ಅದರದ್ದೇ ರೀತಿ ಇದೆ. ಬಟನ್, ಮೆನು ಮೊದಲಾದವು ಸಿದ್ಧವಾಗಿರುವ ಯುಐ ಲೈಬ್ರರಿ ತಂದು ಹಾಕಿದರೆ ಹಾಗೇ ನಡೆಯುತ್ತೆ ಅನ್ನುವಂತಿಲ್ಲ.

ಭಾಷೆ? ಎಲೆಕ್ಟ್ರಾನ್‌ಗೆ ಜಾವಾಸ್ಕ್ರಿಪ್ಟ್ ಸಾಕು. ಟೌರಿಯಲ್ಲಿ ಕೆಲಸ ಸ್ವಲ್ಪ ಆಳಕ್ಕೆ ಹೋದರೆ ರಸ್ಟ್ ಬೇಕಾಗುತ್ತದೆ. ಸಿ++ ಕೋಡ್ ಆಗಲೇ ಇದ್ದವರಿಗೆ ಸೈಟರ್ ಸಲೀಸು. ಅದರ ಲೈಸೆನ್ಸ್ ಮಾತ್ರ ಮೊದಲೇ ಓದಿಕೊಳ್ಳಿ. ಉಳಿದೆರಡು ಓಪನ್ ಸೋರ್ಸ್.

ತಂಡಕ್ಕೆ ವೆಬ್ ಮಾತ್ರ ಗೊತ್ತು, ಗಡುವು ಹತ್ತಿರ ಅಂದರೆ ಎಲೆಕ್ಟ್ರಾನ್. ಡೌನ್‌ಲೋಡ್ ಚಿಕ್ಕದಿರಬೇಕು, ರಸ್ಟ್ ಕಲಿಯಲು ಸಮಯವಿದೆ ಅಂದರೆ ಟೌರಿ. ಹಳೆಯ ಸಿ++ ಪ್ರೋಗ್ರಾಮಿಗೆ ಹೊಸ ಮುಖ ಕೊಡುವುದಾದರೆ ನಾನು ಸೈಟರ್ ಕಡೆ ನೋಡುತ್ತೇನೆ.